ಸಿಗಾರ್ ‘ಪ್ರೀಮಿಯಂ’ ಆಗೋದು ಯಾವುದರಿಂದ? ಹುಣಸೂರಿನ ಸೊಪ್ಪಲ್ಲಿ ಯಾಕೆ ಮಾಡಲ್ಲ?

ನೀವು ಕೇಳಿರೋದು ಮೂರು ಪ್ರಶ್ನೆ. ದುಬೈಯಿಂದ ಬಂದ ಸಿಗಾರ್ ಡಬ್ಬಿ ನಿಜಕ್ಕೂ ಪ್ರೀಮಿಯಂ ಹೌದೋ ಅಲ್ಲವೋ ಅಂತ ನೋಡೋದು ಹೇಗೆ, ‘ಕ್ಯೂಬಾದ್ದು ಬಿಟ್ಟು ಬೇರೆ ಯಾವುದೂ ಪ್ರೀಮಿಯಂ ಅಲ್ಲ’ ಅಂತ ನಿಮ್ಮ ಭಾವ ಹೇಳೋದು ಸರಿಯಾ, ಮತ್ತೆ ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲಿ ಅಷ್ಟೊಂದು ಹೊಗೆಸೊಪ್ಪು ಬೆಳೆದರೂ ಇಲ್ಲಿ ಸಿಗಾರ್ ಯಾಕೆ ಇಲ್ಲ.

ಎರಡನೇದು ಮೊದಲು ಮುಗಿಸೋಣ. ನಿಮ್ಮ ಭಾವ ಹೇಳೋದು ತಪ್ಪು. ನಿಕರಾಗುವಾ, ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್‌ಗಳ ಒಳ್ಳೆ ಮಾಲು ಕ್ಯೂಬಾದ್ದಕ್ಕೆ ಸರಿಸಮ. ಒಂದೇ ಡಬ್ಬಿಯ ಎಲ್ಲ ಸಿಗಾರೂ ಒಂದೇ ಥರ ಇರಬೇಕು ಅನ್ನೋದಾದರೆ ನಾನು ನಿಕರಾಗುವಾದ್ದನ್ನೇ ಆರಿಸ್ತೀನಿ.

ಡಬ್ಬಿ ಮೇಲೆ ‘ಪ್ರೀಮಿಯಂ’ ಅಂತ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಿಡಿದುಕೊಳ್ಳೋಕೆ ಒಂದು ಗಟ್ಟಿ ಅಳತೆ ಬೇಕು ಅಂದರೆ, 2023ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಕೋರ್ಟ್ ಸಿಗಾರ್ ತಯಾರಕರ ಮೊಕದ್ದಮೆಯೊಂದರಲ್ಲಿ ಒಪ್ಪಿಕೊಂಡ ವ್ಯಾಖ್ಯೆ ಇದೆ. ಹೊರಗಿನ ರ್‍ಯಾಪರ್ ಇಡೀ ತಂಬಾಕಿನ ಎಲೆ ಆಗಿರಬೇಕು, ಅದರ ಕೆಳಗಿನ ಬೈಂಡರ್ ಪೂರ್ತಿ ತಂಬಾಕು ಎಲೆಯದ್ದೇ ಆಗಬೇಕು. ಒಳಗಿನ ಫಿಲ್ಲರ್‌ನ ತೂಕದಲ್ಲಿ ಕನಿಷ್ಠ ಅರ್ಧ ಭಾಗ ಉದ್ದೆಲೆ (ಚೂರು ಮಾಡದ ಎಲೆ) ಇರಬೇಕು. ಕೈಯಲ್ಲಿ ಸುತ್ತಿರಬೇಕು. ಫಿಲ್ಟರ್ ಆಗಲಿ, ಪ್ಲಾಸ್ಟಿಕ್ ಅಥವಾ ಮರದ ಬಾಯಿತುದಿ ಆಗಲಿ ಇರಬಾರದು. ತಂಬಾಕು, ನೀರು, ಸಸ್ಯದ ಗೋಂದು ಬಿಟ್ಟು ಇನ್ನೇನೂ ಸೇರಿಸಿರಬಾರದು. ಸಾವಿರ ಸಿಗಾರ್ 6 ಪೌಂಡ್‌ಗಿಂತ ಹೆಚ್ಚು ತೂಗಬೇಕು, ಅಂದರೆ ಒಂದೊಂದೂ 2.7 ಗ್ರಾಂ ಮೇಲೆ. ವೆನಿಲಾ, ಚೆರಿ, ರಮ್ ಘಮದವೆಲ್ಲ ಇಲ್ಲೇ ಹೊರಬಿದ್ದವು. ಆದರೆ ಇದು ಪಾಸ್ ಮಾರ್ಕು ಅಷ್ಟೇ. ಇದನ್ನು ದಾಟಿದ ಕೆಟ್ಟ ಸಿಗಾರುಗಳೂ ಬೇಕಾದಷ್ಟಿವೆ.

ನಿಜವಾದ ವ್ಯತ್ಯಾಸ ಇರೋದು ಕಣ್ಣಿಗೆ ಕಾಣದ ಎರಡು ಕಡೆ: ಫಿಲ್ಲರ್ ಕಟ್ಟಿರುವ ರೀತಿ, ಸೊಪ್ಪು ಹುದುಗಿರುವ ಪ್ರಮಾಣ.

ಉದ್ದ ಫಿಲ್ಲರ್ ಅಂದರೆ ಎಲೆ ಸಿಗಾರಿನ ಬುಡದಿಂದ (ಬೆಂಕಿ ಹಚ್ಚೋ ಕಡೆ) ತುದಿವರೆಗೂ (ಬಾಯಿಗಿಡೋ ಕಡೆ) ತುಂಡಾಗದೆ ಓಡಬೇಕು. ಅಗ್ಗದ್ದರಲ್ಲಿ ಕತ್ತರಿಸಿ ಉಳಿದ ಚೂರು ತುಂಬಿರ್ತಾರೆ. ಚೂರು ಬೇಗ ಉರಿಯುತ್ತೆ, ಹೊಗೆ ಬಿಸಿ ಆಗುತ್ತೆ, ನಾಲಗೆಗೆ ಪುಡಿ ಬರುತ್ತೆ. ಉದ್ದೆಲೆ ಹಾಕಿದ ಮಾತ್ರಕ್ಕೂ ಕೆಲಸ ಮುಗಿಯಲ್ಲ. ಗಿಡದ ಕೆಳಗಿನ ಎಲೆ ವೊಲಾಡೊ, ಚೆನ್ನಾಗಿ ಉರಿಯೋಕೆ. ನಡುವಿನದು ಸೆಕೊ, ಘಮಕ್ಕೆ. ಮೇಲಿನದು ಲಿಗೆರೊ, ದಪ್ಪ, ಜಿಡ್ಡು, ಖಾರ ಜಾಸ್ತಿ, ಉರಿಯೋದು ನಿಧಾನ. ಬುಡದೆಲೆಯಿಂದ ಶುರುಮಾಡಿ ಹಂತಹಂತವಾಗಿ ಸೊಪ್ಪು ಮುರಿಯೋ ಹುಣಸೂರಿನ ರೈತರಿಗೆ ಈ ಭೇದ ಬಿಡಿಸಿ ಹೇಳಬೇಕಾಗಿಲ್ಲ. ಲಿಗೆರೊ ಯಾವಾಗಲೂ ಸರಿಯಾಗಿ ಮಧ್ಯದಲ್ಲಿ ಕೂರಬೇಕು. ಒಂದು ಪಕ್ಕಕ್ಕೆ ಸರಿದರೆ ಆ ಪಕ್ಕ ಉರಿಯದೆ ಹಿಂದೆ ಉಳಿದು, ಇನ್ನೊಂದು ಪಕ್ಕ ಓಡುತ್ತೆ, ಸಿಗಾರ್ ಓರೆಯಾಗಿ ಸುಡುತ್ತೆ. ಇದಕ್ಕೆ ಗಾಳಿಯನ್ನೋ ಲೈಟರನ್ನೋ ಬೈಯೋರು ಬಹಳ, ತಪ್ಪು ಮಾತ್ರ ಬಹುಪಾಲು ಸುತ್ತಿದವರದ್ದು.

ಎಲೆ ಜೋಡಿಸೋದರಲ್ಲೂ ಎರಡು ದಾರಿ. ಒಂದೊಂದು ಎಲೆಯನ್ನೂ ಸಣ್ಣ ಕೊಳವೆ ಥರ ಸುರುಳಿ ಮಾಡಿ ಒಟ್ಟಿಗೆ ಹಿಡಿಯೋದು ಎಂಟುಬಾಡೊ. ಸಮಯ ಹಿಡಿಯುತ್ತೆ, ಗಾಳಿ ಮಾತ್ರ ಸಲೀಸಾಗಿ ಹರಿಯುತ್ತೆ. ಎಲೆಗಳನ್ನು ಒಂದರ ಮೇಲೊಂದು ಇಟ್ಟು ಪುಸ್ತಕದ ಥರ ಮಡಿಸಿಬಿಡೋದು ಇನ್ನೊಂದು. ಬೇಗ ಆಗುತ್ತೆ, ಆದರೆ ಮಡಿಕೆ ಇರೋ ಕಡೆ ಬಿಗಿ, ಎದುರು ಕಡೆ ಸಡಿಲ. ಒಳ್ಳೆ ಕಾರ್ಖಾನೆಗಳಲ್ಲಿ ಬೈಂಡರ್ ಸುತ್ತಿ ಅಚ್ಚಿನಲ್ಲಿ ಒತ್ತಿದ ಮೇಲೆ, ರ್‍ಯಾಪರ್ ಹಾಕೋ ಮೊದಲು, ಗಾಳಿ ಎಳೆಯೋ ಯಂತ್ರಕ್ಕೆ ಇಟ್ಟು ನೋಡ್ತಾರೆ. ಬಿಗಿ ಇದ್ದರೆ ಬಿಚ್ಚಿ ಮತ್ತೆ ಕಟ್ಟೋದು. ನೀವು ಕೊಡೋ ಹೆಚ್ಚಿನ ದುಡ್ಡಿನಲ್ಲಿ ನ್ಯಾಯವಾದ ಪಾಲು ಅಂದರೆ ಈ ಪರೀಕ್ಷೆಯದ್ದು.

ಇನ್ನು ಹುದುಗುವಿಕೆ. ನೆರಳಲ್ಲಿ ಒಣಗಿದ ಸೊಪ್ಪನ್ನು ತೇವ ಮಾಡಿ ದೊಡ್ಡ ರಾಶಿ ಹಾಕ್ತಾರೆ. ರಾಶಿಯ ಹೊಟ್ಟೆಯಲ್ಲಿ ಅದರ ಪಾಡಿಗೆ ಕಾವು ಏರಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಕಾವು ಮಿತಿ ಮುಟ್ಟಿದಾಗ ರಾಶಿ ಒಡೆದು, ಒಳಗಿನದ್ದು ಹೊರಗೆ, ಹೊರಗಿನದ್ದು ಒಳಗೆ ಹಾಕಿ ಮತ್ತೆ ಒಟ್ಟೋದು. ಹೀಗೆ ತಿಂಗಳುಗಟ್ಟಲೆ. ಅಮೋನಿಯಾ ಹೊರಟುಹೋಗೋದು ಈ ಹಂತದಲ್ಲಿ. ಅವಸರ ಮಾಡಿದ ಸೊಪ್ಪನ್ನು ಮೂಗು ಕಂಡುಹಿಡಿಯುತ್ತೆ: ಹಚ್ಚದ ಸಿಗಾರಿನ ಬುಡ ಮೂಸಿದರೆ ಗಬ್ಬು ಮೂತ್ರದ ಘಾಟು, ಹಚ್ಚಿದರೆ ಗಂಟಲಲ್ಲಿ ಕೆರೆತ, ಪದೇ ಪದೇ ಆರಿಹೋಗೋದು.

ಹುಣಸೂರಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಮ್ಮಲ್ಲಿ ಬೆಳೆಯೋದು ವರ್ಜೀನಿಯಾ. ಸೊಪ್ಪನ್ನು ಬ್ಯಾರನ್‌ನಲ್ಲಿ (ಸೊಪ್ಪು ಒಣಗಿಸೋ ಮನೆ) ನೇತುಹಾಕಿ ಕೊಳವೆ ಬಿಸಿಯಲ್ಲಿ ಆರೇಳು ದಿನದಲ್ಲಿ ಹದ ಮಾಡ್ತಾರೆ. ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ಹಳದಿ ತಿರುಗಿಸಿ, ಕೊನೆಗೆ ನರ ಒಣಗೋಕೆ 70ರ ಹತ್ತಿರ ಏರಿಸ್ತಾರೆ. ಬೇಗ ಒಣಗಿಸೋದರಿಂದ ಎಲೆಯ ಸಕ್ಕರೆ ಎಲೆಯಲ್ಲೇ ಉಳಿಯುತ್ತೆ, ಬಣ್ಣ ಬಂಗಾರದಂತೆ ನಿಲ್ಲುತ್ತೆ. ತಂಬಾಕು ಮಂಡಳಿಯ ಹರಾಜಿನಲ್ಲಿ ಸಿಗರೇಟ್ ಕಂಪನಿಗಳು ದುಡ್ಡು ಕೊಡೋದು ಇಂಥ ಸೊಪ್ಪಿಗೇ. ಸಿಗಾರಿನ ಸೊಪ್ಪು ಗಾಳಿಯಲ್ಲಿ ಒಂದೂವರೆ ಎರಡು ತಿಂಗಳು ನಿಧಾನವಾಗಿ ಒಣಗಿ, ಆಮೇಲೆ ಹುದುಗಿ, ಸಕ್ಕರೆಯನ್ನು ಬಹುತೇಕ ಪೂರ್ತಿ ಕಳೆದುಕೊಂಡಿರುತ್ತೆ. ಸಕ್ಕರೆ ಇರೋ ಸೊಪ್ಪಿನ ಹೊಗೆ ಆಮ್ಲೀಯ, ಒಳಗೆಳೆದರೇ ನಿಕೋಟಿನ್ ಸಿಗೋದು. ಸಿಗಾರಿನ ಹೊಗೆ ಕ್ಷಾರೀಯ, ಬಾಯಿಯ ಒಳಪದರದಿಂದಲೇ ನಿಕೋಟಿನ್ ಇಳಿಯುತ್ತೆ. (ಅದಕ್ಕೇ ‘ಎಳೆಯಲ್ಲ, ಬಾಯಲ್ಲಿ ಆಡಿಸಿ ಬಿಡ್ತೀನಿ’ ಅನ್ನೋರಿಗೂ ಚಟ ಹತ್ತುತ್ತೆ. ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಪ್ರೀಮಿಯಂ ಅಂತ ಎಳ್ಳಷ್ಟೂ ಕಮ್ಮಿ ಆಗಲ್ಲ.) ಹುಣಸೂರಿನದ್ದು ಕೀಳು ಅಂತಲ್ಲ, ಇಡ್ಲಿ ಅಕ್ಕಿಯಲ್ಲಿ ಬಿರಿಯಾನಿ ಮಾಡಲ್ಲ ಅಷ್ಟೇ. ಭಾರತದಲ್ಲಿ ಸಿಗಾರಿನ ಸೊಪ್ಪು ಅಂದರೆ ತಮಿಳುನಾಡಿನ ದಿಂಡಿಗಲ್ ಕಡೆಯ ಫಿಲ್ಲರ್, ಪಶ್ಚಿಮ ಬಂಗಾಳದ ದಿನ್‌ಹಟಾ ಕಡೆಯ ರ್‍ಯಾಪರ್.

ರ್‍ಯಾಪರ್ ಬಗ್ಗೆ ಹೆಚ್ಚು ಹೇಳಲ್ಲ. ತೆಳು ನರ, ತೂತಿಲ್ಲದ ಮೈ, ಸ್ವಲ್ಪ ಎಣ್ಣೆ ಮಿನುಗು ಇದ್ದರೆ ಸಾಕು. ಬಣ್ಣ ಕಪ್ಪಾದಷ್ಟೂ ಖಾರ ಜಾಸ್ತಿ ಅನ್ನೋದು ಸುಳ್ಳು. ಖಾರ ಬರೋದು ಬಹುಪಾಲು ಒಳಗಿನ ಲಿಗೆರೊದಿಂದ.

ಈಗ ನಿಮ್ಮ ಡಬ್ಬಿ. ಸಿಗಾರಿನ ತೆರೆದ ಬುಡ ನೋಡಿ. ಮಡಿಸಿದ ಎಲೆಯ ಅಂಚುಗಳು ಸುರುಳಿಯಾಗಿ ಕಾಣಬೇಕು, ಪುಡಿಪುಡಿ ಕಂಡರೆ ಚೂರು ಫಿಲ್ಲರ್. ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ತುದಿಯಿಂದ ಬುಡದವರೆಗೆ ಬನ್ನಿ. ಎಲ್ಲ ಕಡೆ ಒಂದೇ ಸಮ ಒಳಗೋಗಿ ವಾಪಸ್ ಬರಬೇಕು. ಕಲ್ಲಿನಂತೆ ಗಟ್ಟಿ ಸಿಕ್ಕಿದ ಜಾಗದಲ್ಲಿ ಹೊಗೆ ಕಟ್ಟಿಕೊಳ್ಳುತ್ತೆ, ಪೊಳ್ಳು ಸಿಕ್ಕಿದ ಜಾಗದಲ್ಲಿ ಬೆಂಕಿ ಓಡುತ್ತೆ. ಹಚ್ಚಿದ ಮೇಲೆ ಬೂದಿ ಒಂದೆರಡು ಸೆಂಟಿಮೀಟರ್ ಉದುರದೆ ನಿಂತರೆ ಉದ್ದೆಲೆ ಇದೆ ಅಂತ ಅರ್ಥ. ಬೂದಿ ಬೆಳ್ಳಗಿದ್ದರೆ ಶ್ರೇಷ್ಠ ಅನ್ನೋದನ್ನು ನಂಬಬೇಡಿ. ಅದು ಮಣ್ಣಿನ ಖನಿಜದ ಮೇಲೆ ಹೋಗುತ್ತೆ.

ಡಬ್ಬಿ ಕ್ಯೂಬಾದ್ದಾದರೆ ತಳ ತಿರುಗಿಸಿ ಸುಟ್ಟ ಮುದ್ರೆ ಓದಿ. ‘ಟೋಟಲ್‌ಮೆಂತೆ ಆ ಮಾನೊ’ ಅಂತ ಇರಬೇಕು, ಅಂದರೆ ಪೂರ್ತಿ ಕೈಕೆಲಸ. ಅದರ ಜೊತೆ ‘ತ್ರಿಪಾ ಕೋರ್ತಾ’ ಅಂತಲೂ ಇದ್ದರೆ ಕೈಯಲ್ಲೇ ಸುತ್ತಿದ್ದು, ಆದರೆ ಚೂರು ಫಿಲ್ಲರ್. ಕ್ಯೂಬಾದ ಕೊಹಿಬಾ ಬ್ರ್ಯಾಂಡಿನ ಡಬ್ಬಿಯ ಮುಚ್ಚಳ ಗಾಜಿನದ್ದಾಗಿದ್ದರೆ ಮುಂದೆ ಏನೂ ನೋಡಬೇಡಿ, ನಕಲಿ.

ಕೊನೆಗೆ ಇಟ್ಟುಕೊಳ್ಳೋದು, ಯಾಕಂದರೆ ಎಂಥ ಒಳ್ಳೆ ಸಿಗಾರೂ ಮೈಸೂರಿನ ಏಪ್ರಿಲ್‌ನಲ್ಲಿ ಬೀರುವಿನೊಳಗೆ ಬಹಳ ದಿನ ಬಾಳಲ್ಲ. ಬೇಕಾದ್ದು ಶೇ 65ರಿಂದ 70 ತೇವ, 18ರಿಂದ 21 ಡಿಗ್ರಿ. ಬೇಸಿಗೆಯ ಮಧ್ಯಾಹ್ನ ರ್‍ಯಾಪರ್ ಬಿರಿಯುತ್ತೆ, ಆಷಾಢದ ಮಳೆಯಲ್ಲಿ ಹಸಿರು ನೀಲಿ ಬೂಷ್ಟು ಹಿಡಿಯುತ್ತೆ. ಬೂಷ್ಟು ಬುಡದೊಳಗೆ ಇಳಿದಿದ್ದರೆ ಎಸೆದುಬಿಡಿ. ದುಬಾರಿ ಮರದ ಪೆಟ್ಟಿಗೆ ಬೇಕಾಗಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ 25 ಸಿಗಾರಿಗೆ ತೇವ ಸಮವಾಗಿಡೋ 60 ಗ್ರಾಂನ ಒಂದು ಪೊಟ್ಟಣ (ಹ್ಯುಮಿಡಿಟಿ ಪ್ಯಾಕ್), ಶೇ 65 ಅಥವಾ 69ರದ್ದು, ಇಟ್ಟರೆ ಸಾಕು. ಫ್ರಿಡ್ಜ್‌ನಲ್ಲಿ ಹಾಗೇ ಇಡಬೇಡಿ. ಒಣಗೋದಲ್ಲದೆ ಸಾಂಬಾರಿನ ವಾಸನೆಯನ್ನೂ ಎಳೆದುಕೊಳ್ಳುತ್ತೆ.

ಸೆಖೆಗೆ ಇನ್ನೊಂದು ಭಯ ಹುಳು. ಅರಿಸಿನ, ಒಣಶುಂಠಿಗೆ ಬೀಳೋ ಆ ಚಿಕ್ಕ ಕಂದು ಜೀರುಂಡೆಯೇ ಇದಕ್ಕೂ ಬೀಳೋದು. ಸೆಖೆ ಏರಿದಂತೆ ಎಲೆಯಲ್ಲಿರೋ ಮೊಟ್ಟೆ ಬೇಗ ಒಡೆಯುತ್ತೆ. ಗುಂಡುಸೂಜಿ ಚುಚ್ಚಿದಂಥ ತೂತು, ಡಬ್ಬಿಯ ತಳದಲ್ಲಿ ನುಣ್ಣನೆ ಪುಡಿ ಕಂಡರೆ ತೂತಾದ್ದನ್ನು ಎಸೆದು, ಉಳಿದದ್ದನ್ನು ಎರಡು ಜಿಪ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ 3 ದಿನ ಫ್ರೀಜರ್‌ನಲ್ಲಿ, ಆಮೇಲೆ 1 ದಿನ ಫ್ರಿಡ್ಜ್‌ನಲ್ಲಿ, ಮತ್ತೆ 1 ದಿನ ಹೊರಗೆ ಇಟ್ಟು ಚೀಲ ಬಿಚ್ಚಿ. ಫ್ರೀಜರ್‌ನಿಂದ ನೇರ ಹೊರಗೆ ತೆಗೆದರೆ ಮೈಮೇಲೆ ನೀರು ಕೂತು ರ್‍ಯಾಪರ್ ಸೀಳುತ್ತೆ.