ಓದುಗರ ಪ್ರಶ್ನೆಗಳಿಗೆ ಉತ್ತರ: ಮಗಳ ಮನೆಯಲ್ಲಿ ಆರು ತಿಂಗಳು

ಪ್ರಶ್ನೆ: ಏಪ್ರಿಲ್‌ನಲ್ಲಿ ಲಂಡನ್ನಿನ ಮಗಳ ಮನೆಗೆ ಹೊರಟಿದ್ದೇನೆ. ವೀಸಾ ಆರು ತಿಂಗಳಿನದು. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆಯೇ. ನಮ್ಮ ಬೀದಿಯವರೊಬ್ಬರು ಹೀಗೇ ಹೋಗಿ ಎರಡೇ ತಿಂಗಳಿಗೆ ಬೇಸರವಾಗಿ ವಾಪಸು ಬಂದರು. ನೀವೂ ಹೋದ ವರ್ಷ ಅಲ್ಲಿದ್ದು ಬಂದವರಂತೆ. ಹಗಲು ಹೊತ್ತು ಹೇಗೆ ಕಳೆದಿರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಳುಕು ನನಗೂ ಇತ್ತು. ಸಿಡನ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಹೋದ ಹೊಸದರಲ್ಲಿ ಅವಳು ಶನಿವಾರ, ಭಾನುವಾರ ಬಿಡುವು ಮಾಡಿಕೊಂಡು ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಲ್ಲವನ್ನೂ ತೋರಿಸಿದಳು. ಮೂರು ವಾರಕ್ಕೆ ನೋಡುವುದೆಲ್ಲ ಮುಗಿಯಿತು. ಸೋಮವಾರ ಬಾಗಿಲು ಹಾಕಿಕೊಂಡರೆ ಫ್ರಿಜ್ಜಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಆಗಲೇ ನನಗೆ ಹೊಳೆದದ್ದು: ಆರು ತಿಂಗಳು ಇರುವವರಿಗೆ ನೋಡುವ ಸ್ಥಳಗಳು ಸಾಲುವುದಿಲ್ಲ, ದಿನಾ ಹೋಗುವ ಒಂದು ಜಾಗ ಬೇಕು.

ನನಗೆ ಆ ಜಾಗ ಸಿಕ್ಕಿದ್ದು ಲಾಲ್‌ಬಾಗಿನ ದೆಸೆಯಿಂದ. ಬಸವನಗುಡಿಯಲ್ಲಿ ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವಳು ನಾನು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಗಾಜಿನ ಮನೆಯ ಮುಂದೆ ನಿಲ್ಲಿಸಿ, ‘ಇದಕ್ಕೆ 1889ರಲ್ಲಿ ಅಡಿಗಲ್ಲು ಹಾಕಿದರು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಇದಕ್ಕೆ ಮಾದರಿ’ ಎಂದು ಹೇಳುತ್ತಿದ್ದೆ. ಆ ಹೆಸರಿನ ಉದ್ಯಾನ ಮಗಳ ಮನೆಯಿಂದ ಇಪ್ಪತ್ತು ನಿಮಿಷದ ಏರುದಾರಿ ಎಂದು ತಿಳಿದಾಗ ಮೈ ಜುಮ್ಮೆಂದಿತು. ಮರುದಿನವೇ ಹೋದೆ.

ಅಲ್ಲಿ ಅರಮನೆ ಇಲ್ಲ. ಜೋಸೆಫ್ ಪ್ಯಾಕ್ಸ್‌ಟನ್ 1851ರ ಮಹಾ ಪ್ರದರ್ಶನಕ್ಕೆಂದು ಹೈಡ್ ಪಾರ್ಕಿನಲ್ಲಿ ಕಟ್ಟಿದ ಆ ಗಾಜಿನ ಸೌಧವನ್ನು ಆಮೇಲೆ ಬಿಚ್ಚಿ ತಂದು ಈ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ನಿಲ್ಲಿಸಿದ್ದರು. 1936ರ ನವೆಂಬರ್‌ನಲ್ಲಿ ಒಂದೇ ರಾತ್ರಿ ಸುಟ್ಟುಹೋಯಿತು. ಈಗ ಉಳಿದಿರುವುದು ಅಗಲವಾದ ಕಲ್ಲಿನ ಮೆಟ್ಟಿಲು, ಕಟಾಂಜನ, ಕೆಮ್ಮಣ್ಣಿನ ಬಣ್ಣದ ಸ್ಫಿಂಕ್ಸ್‌ಗಳು. ಮೆಟ್ಟಿಲುಗಳು ಎಲ್ಲಿಗೂ ಹೋಗುವುದಿಲ್ಲ, ಮೇಲೆ ಬರೀ ಹುಲ್ಲು, ಆಕಾಶ. ಇಷ್ಟು ವರ್ಷ ನಾನು ಮಾದರಿ ಎಂದು ಪಾಠ ಹೇಳಿದ್ದು ಬೂದಿಯಾಗಿ, ಅದನ್ನು ನೋಡಿ ಕಟ್ಟಿದ್ದು ನಮ್ಮೂರಿನಲ್ಲಿ ಹೂವು ತುಂಬಿಕೊಂಡು ನಿಂತಿದೆ. ಅದನ್ನು ನೆನೆದು ಆ ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ಕುಳಿತಿದ್ದೆ.

ಅಂದಿನಿಂದ ದಿನಾ ಹತ್ತು ಗಂಟೆಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಡತೊಡಗಿದೆ. ಕೆಳಗಡೆ ಕೆರೆಯ ಸುತ್ತ 1850ರ ದಶಕದಲ್ಲಿ ಮಾಡಿಟ್ಟ ಡೈನೋಸಾರ್ ವಿಗ್ರಹಗಳಿವೆ. ಆಗ ಸಿಕ್ಕಿದ್ದು ಕೆಲವೇ ಎಲುಬುಗಳು, ಉಳಿದದ್ದು ಊಹೆ. ಇಗ್ವಾನೊಡಾನ್ ಎಂಬುದರ ಹೆಬ್ಬೆರಳಿನ ಮುಳ್ಳನ್ನು ಕೊಂಬೆಂದು ತಿಳಿದು ಮೂಗಿನ ಮೇಲೆ ಕೂರಿಸಿದ್ದಾರೆ. ತಪ್ಪೆಂದು ಗೊತ್ತಾದ ಮೇಲೂ ಅದನ್ನು ಹಾಗೆಯೇ ಉಳಿಸಿಕೊಂಡಿರುವುದು ಮೇಷ್ಟರಾದ ನನಗೆ ಬಹಳ ಹಿಡಿಸಿತು.

ಅಲ್ಲೇ ಒಂದು ಬೆಂಚು. ಆ ದೇಶದ ಬೆಂಚುಗಳ ಬೆನ್ನಿಗೆ ಪುಟ್ಟ ಫಲಕ ಇರುತ್ತದೆ, ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಹಾಕಿಸಿದ್ದು. ಸುಮಾರು ಎಂಬತ್ತರ ಹೆಂಗಸೊಬ್ಬರು ನಾಯಿಯೊಡನೆ ಬಂದು ಅಲ್ಲಿ ಕೂರುತ್ತಿದ್ದರು. ಮೊದಲ ವಾರ ತಲೆಯಾಡಿಸಿದೆವು. ಎರಡನೆಯ ವಾರ ಮಳೆ ಬಿಸಿಲಿನ ಮಾತಾಯಿತು. ಮೂರನೆಯ ವಾರ ನನ್ನ ಮೊಬೈಲಿನಲ್ಲಿದ್ದ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನದ ಚಿತ್ರ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು, ಚಿತ್ರವನ್ನು ಬೆರಳಲ್ಲಿ ದೊಡ್ಡದು ಮಾಡಿ, ಕಮಾನುಗಳನ್ನು ಒಂದೊಂದಾಗಿ ನೋಡಿದರು. ಅವರ ತಾಯಿ ಹುಡುಗಿಯಾಗಿದ್ದಾಗ ಆ ರಾತ್ರಿಯ ಬೆಂಕಿಯನ್ನು ಮನೆಯ ಕಿಟಕಿಯಿಂದ ಕಂಡಿದ್ದರಂತೆ. ‘ಹಾಗಾದರೆ ಒಂದು ಇನ್ನೂ ಇದೆ’ ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಸೆಪ್ಟೆಂಬರ್‌ವರೆಗೂ ನನಗೆ ಹೊತ್ತು ಹೋಗುವ ಚಿಂತೆ ಬರಲಿಲ್ಲ.

ನಿಮ್ಮ ಮಗಳ ಮನೆ ಯಾವ ಬಡಾವಣೆಯಲ್ಲಿದ್ದರೂ ಹತ್ತಿರ ಒಂದು ಉದ್ಯಾನ, ಒಂದು ಗ್ರಂಥಾಲಯ ಇದ್ದೇ ಇರುತ್ತದೆ. ಒಂದನ್ನು ಆರಿಸಿಕೊಂಡು ಅದೇ ಹೊತ್ತಿಗೆ, ಅದೇ ಬೆಂಚಿಗೆ ಹೋಗಿ. ಮಾತು ತಾನಾಗಿ ಹುಟ್ಟುತ್ತದೆ.

ಪ್ರಶ್ನೆ: ಲಂಡನ್ ದುಬಾರಿ ಊರು. ಪ್ರತಿ ಸಲ ಟಿಕೆಟ್‌ಗೆಂದು ಮಗನ ಮುಂದೆ ಕೈಚಾಚಲು ಮನಸ್ಸು ಒಪ್ಪುವುದಿಲ್ಲ.
– ನಿವೃತ್ತರೊಬ್ಬರು, ಹುಬ್ಬಳ್ಳಿ

ಉತ್ತರ: ಚಾಚಬೇಕಾಗಿಯೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ಮೂರಕ್ಕೂ ಪ್ರವೇಶ ಉಚಿತ. ಒಂದೇ ದಿನ ಎಲ್ಲ ನೋಡಲು ಹೋಗಬೇಡಿ, ದಿನಕ್ಕೊಂದು ಕೋಣೆ ಸಾಕು. ನೆಲದಡಿಯ ರೈಲಿಗಿಂತ ಬಸ್ ಅಗ್ಗ. ಒಮ್ಮೆ ಕಾರ್ಡ್ ತಾಗಿಸಿದರೆ ಒಂದು ಗಂಟೆಯೊಳಗೆ ಹತ್ತುವ ಬೇರೆ ಬಸ್ಸುಗಳಿಗೆ ಮತ್ತೆ ದುಡ್ಡಿಲ್ಲ. ನಗದು ಮಾತ್ರ ತೆಗೆದುಕೊಳ್ಳುವುದಿಲ್ಲ. ಮೇಲಂತಸ್ತಿನ ಮುಂದಿನ ಸೀಟು ಹಿಡಿಯಿರಿ, ಅದೇ ಅರ್ಧ ಊರು ತೋರಿಸುತ್ತದೆ.

ಎರಡು ಜಾಗ ಮಾತ್ರ ತಪ್ಪಿಸಬೇಡಿ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪುತ್ಥಳಿ ಇದೆ, ನದಿಯಾಚೆ ಬ್ರಿಟನ್ನಿನ ಸಂಸತ್ತು. ಇನ್ನೊಂದು ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ಸ್ವತ್ತು. ಬಿದ್ದ ಬಿಳಿಯನ ಮೇಲೆ ಎರಗಿದ ಮರದ ಹುಲಿ, ಅದರ ಹೊಟ್ಟೆಯೊಳಗೆ ವಾದ್ಯ. ಸುತ್ತಿನವರು ಬೆರಗಿನಿಂದ ನೋಡುತ್ತಿದ್ದರು. ನನಗೆ ಕಾವೇರಿಯ ಆಚೆ ದಡ, ಕುಸಿದ ಕೋಟೆಗೋಡೆ ಕಣ್ಣಿಗೆ ಕಟ್ಟಿ ಗಂಟಲು ಬಿಗಿಯಿತು. ಹೊರಡುವ ಮೊದಲು ಆ ಕೋಣೆ ತೆರೆದಿದೆಯೇ ಎಂದು ಮಗನಿಂದ ವಿಚಾರಿಸಿಕೊಳ್ಳಿ.

ಪ್ರಶ್ನೆ: ಊರಿನ ನೆನಪು ಕಾಡಲಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕಾಡಿತು, ಅದರಲ್ಲೂ ಶ್ರಾವಣದಲ್ಲಿ. ಅದೇ ಹೊತ್ತಿಗೆ ಕಾಲುದಾರಿಯ ಬೇಲಿಗಳಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗುತ್ತದೆ. ಯಾರು ಬೇಕಾದರೂ ಬಿಡಿಸಿಕೊಳ್ಳುತ್ತಾರೆ. ಮುಳ್ಳು ಜಾಸ್ತಿ, ತೋಳು ಪೂರಾ ಮುಚ್ಚಿಕೊಂಡು ಹೋಗಬೇಕು. ನಾಯಿಗಳು ಓಡಾಡುವ ದಾರಿಯಾದ್ದರಿಂದ ಮೊಣಕಾಲಿಗಿಂತ ಕೆಳಗಿನದನ್ನು ಕೀಳಬಾರದು ಎಂದು ಹೇಳಿಕೊಟ್ಟವರು ಬೆಂಚಿನ ಆ ಹಿರಿಯರೇ. ಡಬ್ಬಿ ತುಂಬ ತಂದು, ಬೆಲ್ಲ, ಸಾರಿನ ಪುಡಿ, ಉಪ್ಪು ಹಾಕಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದೆ. ಹುಣಸೆಹಣ್ಣು ಬೇಡ, ಹುಳಿ ಹಣ್ಣಿನಲ್ಲೇ ಇದೆ. ಮಗಳು ಕೆಲಸದಿಂದ ಬಂದವಳು ಕೋಟನ್ನೂ ಬಿಚ್ಚದೆ ಒಲೆಯ ಮುಂದೆ ನಿಂತು ಚಮಚದಲ್ಲಿ ತಿಂದಳು. ಒಂದು ಬಾಟಲಿ ಉದ್ಯಾನಕ್ಕೆ ಒಯ್ದೆ. ಆಕೆ ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದರಂತೆ, ಮರುವಾರ ಖಾಲಿ ಬಾಟಲಿ ತೊಳೆದು ತಂದುಕೊಟ್ಟರು.