ಮಳೆಗಾಲದಲ್ಲಿ ಸ್ಕೂಟರ್ ಬಿಟ್ಟು ಕ್ಯಾಬ್ ಹತ್ತಿದರೆ ಇಂಗಾಲದ ಲೆಕ್ಕ ಏನಾಗುತ್ತದೆ?

ಪ್ರಶ್ನೆ: ಬೆಂಗಳೂರಿನ ಬನಶಂಕರಿಯಲ್ಲಿ ಮನೆ, ಕಚೇರಿ 12 ಕಿ.ಮೀ. ದೂರ. ದಿನವೂ ಸ್ಕೂಟರ್, ಮಳೆ ಹಿಡಿದರೆ ಕ್ಯಾಬ್. ಹವಾಮಾನ ಬದಲಾದ ಹಾಗೆ ನಮ್ಮ ಓಡಾಟದ ಇಂಗಾಲದ ಹೊರಸೂಸುವಿಕೆಯೂ ಬದಲಾಗುತ್ತದೆಯೇ? ಟೊರಾಂಟೊದಲ್ಲಿರುವ ಮಗಳು, ಚಳಿಗೆ ಕಾರು ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ ಎನ್ನುತ್ತಾಳೆ. ನಿಜವೇ?

ಉತ್ತರ: ನಿಮ್ಮ ಸ್ಕೂಟರಿನ ಎಂಜಿನ್ ಮಳೆಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒದ್ದೆ ರಸ್ತೆಯಲ್ಲಿ ಚಕ್ರ ನೀರನ್ನು ತಳ್ಳಿಕೊಂಡು ಹೋಗಬೇಕು, ಅದಕ್ಕೊಂದಿಷ್ಟು ಶಕ್ತಿ ಬೇಕು, ಅಷ್ಟೆ. ಲೆಕ್ಕ ತಪ್ಪುವುದು ನೀವು ಕ್ಯಾಬ್ ಕರೆಸಿದಾಗ.

1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. (ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಅಷ್ಟು ಹೇಗೆ ಎಂದು ಕೇಳುವವರಿಗೆ: ಮಿಕ್ಕ ತೂಕ ಗಾಳಿಯ ಆಮ್ಲಜನಕದ್ದು.) ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಟ್ಟರೆ ನಿಮ್ಮ 12 ಕಿ.ಮೀ.ಗೆ 600 ಗ್ರಾಂ. ಕ್ಯಾಬ್ ನಿಮ್ಮ ಬಾಗಿಲಿಗೆ 3 ಕಿ.ಮೀ. ಖಾಲಿ ಬಂದು, ಟ್ರಾಫಿಕ್ಕಿನಲ್ಲಿ ಲೀಟರಿಗೆ 13 ಕಿ.ಮೀ. ಓಡಿದರೆ 2.6 ಕೆ.ಜಿ. ದಾಟುತ್ತದೆ. ಅದೇ ಹೊತ್ತಿಗೆ ನಿಮ್ಮಂಥ ಸಾವಿರಾರು ಮಂದಿ ಕ್ಯಾಬ್ ಹತ್ತಿರುತ್ತಾರೆ, ಅಂಡರ್‌ಪಾಸಿನಲ್ಲಿ ನೀರು ನಿಂತಿರುತ್ತದೆ, ವಾಹನಗಳು ಕದಲುವುದಿಲ್ಲ. ಗಾಜಿಗೆ ಮಂಜು ಕಟ್ಟದಿರಲೆಂದು ಚಾಲಕ ಏ.ಸಿ. ಹಾಕುತ್ತಾನೆ. ಹಾಗೆ ನಿಂತ ಸಣ್ಣ ಕಾರೂ ಒಂದಡಿ ಮುಂದೆ ಹೋಗದೆ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲ್ ಉರಿಸುತ್ತದೆ.

ಬಸ್ಸಿನ ಲೆಕ್ಕವನ್ನೂ ನೋಡಿ. ಡೀಸೆಲ್ ಬಸ್ ಲೀಟರಿಗೆ ಸುಮಾರು 4 ಕಿ.ಮೀ. ಓಡುತ್ತದೆ, ಲೀಟರ್ ಡೀಸೆಲ್ಲಿಗೆ 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. 50 ಜನ ಇದ್ದರೆ ನಿಮ್ಮ ಪಾಲಿಗೆ ಬರುವುದು 160 ಗ್ರಾಂ ಮಾತ್ರ. ಆದರೆ ಸೂರಿಲ್ಲದ ನಿಲ್ದಾಣದಲ್ಲಿ, ಮೊಣಕಾಲುದ್ದ ನೀರಿನಲ್ಲಿ ಬಸ್ಸಿಗೆ ಕಾಯಿರಿ ಎಂದು ನಿಮಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಫುಟ್‌ಪಾತ್, ಚರಂಡಿ, ನಿಲ್ದಾಣದ ಸೂರು, ಇವೆಲ್ಲ ಹವಾಮಾನ ನೀತಿಯ ವಿಷಯಗಳೇ ಎಂದು ನಾನು ಹೇಳುವುದು ಇದಕ್ಕೇ.

ಬೇಸಿಗೆಯಲ್ಲಿ ಹೆಚ್ಚುವರಿ ಖರ್ಚು ಏ.ಸಿ.ಯದು. ಡಿಸೆಂಬರಿನ ಚಳಿಗೆ ಟೈರಿನ ಗಾಳಿ ಸ್ವಲ್ಪ ಇಳಿಯುತ್ತದೆ, ತುಂಬಿಸಿಕೊಂಡರೆ ಆಯಿತು.

ಮಗಳು ಹೇಳಿದ್ದು ನಿಜ. 25 ಡಿಗ್ರಿ ಸೆಲ್ಸಿಯಸ್‌ಗೆ ಹೋಲಿಸಿದರೆ ಮೈನಸ್ 7ರಲ್ಲಿ ಪೆಟ್ರೋಲ್ ಕಾರಿನ ನಗರ ಮೈಲೇಜ್ ಸುಮಾರು ಶೇ 15 ಕುಸಿಯುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಅದು ಬಿಸಿಯಾಗುವಷ್ಟರಲ್ಲಿ ಅಂಗಡಿ ಬಂದುಬಿಟ್ಟರೆ ನಷ್ಟ ಇನ್ನೂ ಹೆಚ್ಚು. ಎಲೆಕ್ಟ್ರಿಕ್ ಕಾರಿಗೂ ಚಳಿ ಕಷ್ಟವೇ: ಒಳಗೆ ಬೆಚ್ಚಗಿಡಲು ಎಂಜಿನ್ನಿನ ಬಿಸಿ ಇಲ್ಲ, ಬ್ಯಾಟರಿಯೇ ದುಡಿಯಬೇಕು. ಆದರೆ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಬಹುಪಾಲು ವಿದ್ಯುತ್ ಅಣುಸ್ಥಾವರ ಮತ್ತು ಜಲವಿದ್ಯುತ್ ಸ್ಥಾವರಗಳಿಂದ ಬರುವುದರಿಂದ ಅಲ್ಲಿ ಇಂಗಾಲ ಅಷ್ಟೇನೂ ಏರುವುದಿಲ್ಲ.

ನಿಮಗೊಂದು ಸಲಹೆ. ಬೆಂಗಳೂರಿನ ಮಳೆ ಬಹಳ ಸಲ ಸಂಜೆಯ ಗುಡುಗು ಮಳೆ, ಸರಿಯಾಗಿ ಕಚೇರಿ ಬಿಡುವ ಹೊತ್ತಿಗೇ ಹೊಡೆಯುತ್ತದೆ. ಮೋಡ ಕಂಡ ಕೂಡಲೇ ಕ್ಯಾಬ್ ಬುಕ್ ಮಾಡಬೇಡಿ. ಒಂದು ಕಾಫಿ ಕುಡಿದು, ಮುಕ್ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಕಿಟಕಿಯಾಚೆ ನೋಡಿ.