ಪಿಸಿ ಪ್ರಶ್ನೆ: ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು

ಪ್ರಶ್ನೆ: ಸರ್, ನಾನು ಪಾಂಡವಪುರದವನು, ಮೈಸೂರಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಲಾಕ್‌ಡೌನ್ ಹೊತ್ತಿನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಕೊಡಿಸಿದ್ದರು. ಐ5-3470 ಪ್ರೊಸೆಸರ್, 8 ಜಿಬಿ ರ್‍ಯಾಮ್, ಹಳೇ ವಿಜಿಎ (ನೀಲಿ ಪ್ಲಗ್ಗಿನ) ಮಾನಿಟರ್. ಮದುವೆ ವಿಡಿಯೋ ಎಡಿಟಿಂಗ್ ಕಲಿಯೋಣ ಅಂತ ಈಗ ಹಳೇ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದೆ. ಫ್ಯಾನ್ ತಿರುಗುತ್ತದೆ. ಕೀಬೋರ್ಡಿನ ನಮ್ ಲಾಕ್ (Num Lock) ಒತ್ತಿದರೆ ದೀಪ ಹತ್ತಿ ಆರುತ್ತದೆ. ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’. ಕಾರ್ಡ್ ತೆಗೆದರೆ ಎಲ್ಲ ಸರಿ. ಕಾರ್ಡಿನಲ್ಲಿ ವಿಜಿಎ ಇಲ್ಲ, ಡಿವಿಐ ಅನ್ನೋ ಬೇರೆ ಪೋರ್ಟ್ ಇದೆ, ಅದಕ್ಕೆ ಡಿವಿಐ–ವಿಜಿಎ ಅಡಾಪ್ಟರ್ ತಂದೆ. ಅದರ ನಾಲ್ಕು ಪಿನ್ ಅಡ್ಡ ಬರುತ್ತಿದ್ದವು. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ ಮೇಲೆ ಕೂತಿತು. ಅಂಗಡಿಯವರು ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಸಾಲದು, ಬದಲಾಯಿಸಿ, 3,000 ರೂಪಾಯಿ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಆ 3,000 ರೂಪಾಯಿ ಜೇಬಿನಲ್ಲೇ ಇರಲಿ. ಕಾರ್ಡ್ ಬಹುಶಃ ಚೆನ್ನಾಗೇ ಇದೆ.

ನಮ್ ಲಾಕ್ ವಿಷಯ ಬರೆದಿದ್ದು ಒಳ್ಳೆಯದಾಯಿತು. ದೀಪ ಹತ್ತಿ ಆರುತ್ತಿದೆ ಅಂದರೆ ಪಿಸಿ ಒಳಗೆ ಆನ್ ಆಗಿ ಕೂತಿದೆ, ಚಿತ್ರ ಮಾನಿಟರಿಗೆ ತಲುಪುತ್ತಿಲ್ಲ ಅಷ್ಟೇ. ಯಾಕೆ ಅನ್ನೋದನ್ನೂ ನೀವೇ ಬರೆದಿದ್ದೀರಿ. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದಿರಲ್ಲ, ಆ ನಾಲ್ಕು ಪಿನ್. ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಒಂದೊಂದು, ಸಾಲುಗಳನ್ನು ಹೊಂದಿಸುವ ಸಿಗ್ನಲ್ಲಿಗೆ ಇನ್ನೊಂದು. ವಿಜಿಎ ಚಿತ್ರ ಹೋಗೋದೇ ಅವುಗಳಲ್ಲಿ!

ಬೇಜಾರು ಮಾಡಿಕೊಳ್ಳಬೇಡಿ, ಅವನ್ನು ಉಳಿಸಿದ್ದರೂ ಉಪಯೋಗ ಇರಲಿಲ್ಲ. ನಿಮ್ಮ ಕಾರ್ಡಿನಲ್ಲಿ ಇರೋದು ಡಿವಿಐ-ಡಿ. ಕೊನೆಯ ‘ಡಿ’ ಅಂದರೆ ಡಿಜಿಟಲ್, ವಿಜಿಎ ಅನಲಾಗ್. ಆ ನಾಲ್ಕು ಪಿನ್ನಿಗೆ ಅಲ್ಲಿ ತೂತೇ ಇರುವುದಿಲ್ಲ. 2014ರ ಜಿಟಿಎಕ್ಸ್ 750 ಟಿಐ ಕಾರ್ಡುಗಳಲ್ಲಿ ಕೆಲವಕ್ಕೆ ವಿಜಿಎ ಪೋರ್ಟೇ ಇತ್ತು. 2016ರಲ್ಲಿ ನಿಮ್ಮ 1050 ಸೇರಿರುವ 10ರ ಸರಣಿ ಬಂದಾಗ ವಿಜಿಎ ಸಿಗ್ನಲ್ಲನ್ನೇ ಕೈಬಿಟ್ಟರು. ನಾನು ಸರಸ್ವತಿಪುರಂನ ನನ್ನ ಪುಟ್ಟ ಅಂಗಡಿಯಲ್ಲಿ ಇದೇ ತಪ್ಪು ಮಾಡಿ, ಚೆನ್ನಾಗಿದ್ದ ಕಾರ್ಡನ್ನು ‘ಸತ್ತಿದೆ’ ಅಂತ ವಾಪಸ್ ಕಳಿಸಿದ್ದೇನೆ. ಎರಡನೇ ಕಾರ್ಡೂ ‘ಸತ್ತೇ’ ಬಂದಾಗ ಬುದ್ಧಿ ಬಂತು.

ಈಗ ಖರ್ಚಿಲ್ಲದ ಪರೀಕ್ಷೆ. ಮನೆಯಲ್ಲಿ ಎಚ್‌ಡಿಎಂಐ ಇರುವ ಟಿ.ವಿ. ಇದೆಯಾ? ಸಿಪಿಯು ಡಬ್ಬಿ ಎತ್ತಿಕೊಂಡು ಹೋಗಿ ಕಾರ್ಡಿನ ಎಚ್‌ಡಿಎಂಐಗೆ ಕೇಬಲ್ ಹಾಕಿ ನೋಡಿ. (ಅಮ್ಮನ ಸೀರಿಯಲ್ ಹೊತ್ತು ಬಿಟ್ಟು!) ಚಿತ್ರ ಬಂದರೆ ನಿಮಗೆ ಬೇಕಿರೋದು ಒಂದು ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ಮಾತ್ರ. ಒಳಗೆ ಚಿಪ್ ಇದ್ದು ಡಿಜಿಟಲ್ಲನ್ನು ವಿಜಿಎ ಮಾಡುವಂಥದ್ದು. ಕೊಳ್ಳುವಾಗ ದಿಕ್ಕು ನೋಡಿ: ಎಚ್‌ಡಿಎಂಐಯಿಂದ ವಿಜಿಎಗೆ. ಉಲ್ಟಾ ಹೋಗುವುದೂ ಹೆಚ್ಚುಕಮ್ಮಿ ಅದೇ ಥರದ ಡಬ್ಬಿಯಲ್ಲಿ ಬರುತ್ತದೆ.

ಇನ್ನು ಎಸ್‌ಎಂಪಿಎಸ್. ಕಾರ್ಡಿನ ತುದಿಯಲ್ಲಿ 6 ಪಿನ್ನಿನ ಪವರ್ ಸಾಕೆಟ್ ಇದೆಯಾ ನೋಡಿ. ಇಲ್ಲದಿದ್ದರೆ ಅದು ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುವ ಕಾರ್ಡು, ಮಿತಿ 75 ವಾಟ್. ನಿಮ್ಮ ಪ್ರೊಸೆಸರ್ 77 ವಾಟಿನದು. ಬೋರ್ಡು, ಹಾರ್ಡ್ ಡಿಸ್ಕು, ಫ್ಯಾನು ಎಲ್ಲ ಸೇರಿದರೂ 200ರ ಆಸುಪಾಸು. ಎಸ್‌ಎಂಪಿಎಸ್ ಲೇಬಲ್ಲಿನಲ್ಲಿ 240 ಅಥವಾ ಹೆಚ್ಚು ವಾಟ್ ಇದ್ದರೆ ಸುಮ್ನೆ ಬದಲಾಯಿಸಬೇಡಿ. ಕಂಪನಿಗಳ ಆಫೀಸ್ ಪಿಸಿಗೆ ಮಾರ್ಕೆಟ್ಟಿನ ಮಾಮೂಲಿ ಎಸ್‌ಎಂಪಿಎಸ್ ಎಷ್ಟೋ ಸಲ ಕೂರುವುದೂ ಇಲ್ಲ, ಪ್ಲಗ್ಗೇ ಬೇರೆ ಇರುತ್ತದೆ. ಚಿತ್ರ ಬಂದು, ಎಡಿಟಿಂಗ್ ಜೋರಾದಾಗ ಪಿಸಿ ದಢಕ್ಕನೆ ಆಫ್ ಆದರೆ ಆಗ ಅದರ ಮೇಲೆ ಅನುಮಾನ ಪಡೋಣ.

ಟಿ.ವಿ.ಯಲ್ಲೂ ಏನೂ ಬರಲಿಲ್ಲವಾ? ಪವರ್ ಕೇಬಲ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಕಾರ್ಡ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಸ್ಲಾಟಿನ ಕ್ಲಿಪ್ ‘ಟಕ್’ ಅನ್ನುವವರೆಗೆ ಮತ್ತೆ ಕೂರಿಸಿ. ಆಗಲೂ ಇಲ್ಲದಿದ್ದರೆ ಕಾರ್ಡ್ ಇಲ್ಲದೆ ಆನ್ ಮಾಡಿ, ಪಿಸಿ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್ಲಿನ ಹೊಸ ಬಯೋಸ್ (ಪಿಸಿ ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್) ಹಾಕಿ. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋದೀತು.

ಪ್ರಶ್ನೆ: ಮಗ ಹಠ ಮಾಡಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ. ಗೇಮ್ ಮೊದಲಿನಷ್ಟೇ ನಿಧಾನ ಅಂತಾನೆ. ನಮಗೆ ಮೋಸ ಆಯ್ತಾ? (ಗೃಹಿಣಿ, ಮಂಡ್ಯ)

ಉತ್ತರ: ಪಿಸಿ ಹಿಂದೆ ಒಮ್ಮೆ ಬಗ್ಗಿ ನೋಡಿ ಅಮ್ಮಾ. ಮಾನಿಟರ್ ಕೇಬಲ್ ಮೇಲ್ಗಡೆ, ಯುಎಸ್‌ಬಿ ಪೋರ್ಟುಗಳ ಪಕ್ಕದಲ್ಲೇ ಇದೆಯಾ? ಹಾಗಿದ್ದರೆ ಅದು ಇನ್ನೂ ಮದರ್‌ಬೋರ್ಡಿನಲ್ಲೇ ಇದೆ. ಕಿತ್ತು ಕೆಳಗೆ ಅಡ್ಡಡ್ಡ ಇರುವ ಹೊಸ ಕಾರ್ಡಿಗೆ ಹಾಕಿಸಿ. ಆಮೇಲೂ ನಿಧಾನ ಅಂದರೆ ಡ್ರೈವರ್ (ಕಾರ್ಡಿನಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್) ಹಾಕಿದ್ದಾನಾ ಅಂತ ಮಗನನ್ನು ಕೇಳಿ, ಅಂಗಡಿಯವರ ಹತ್ತಿರ ಜಗಳಕ್ಕೆ ಆಮೇಲೆ ಹೋದರಾಯಿತು.